‘ಬೇಡ’ ಎಂಬುದೂ ಒಂದು ಆರ್ಡರೇ
ಕಾರಿನ ಬಂಪರಿಗೆ ಬೀಳುವ ಎರಡು ರಂಧ್ರಗಳು ವ್ಯಾಪಾರಸ್ಥರಿಗೆ ಹೇಳುವ ಪಾಠ

ಗ್ರಾಹಕರು ಕೇಳಿದ್ದನ್ನು ಕೊಡುವುದು ವ್ಯಾಪಾರದ ಮೊದಲ ಕರ್ತವ್ಯ. ಅವರು ಬೇಡವೆಂದದ್ದನ್ನು ಮಾಡದೆ ಬಿಡುವುದೂ ಅಷ್ಟೇ ಮುಖ್ಯವಾದ ಕರ್ತವ್ಯ. ಮೊದಲನೆಯದಕ್ಕೆ ಆರ್ಡರ್ ಪುಸ್ತಕವಿದೆ, ಡೆಲಿವರಿ ಚಲನ್ ಇದೆ, ಇನ್‌ವಾಯ್ಸ್ ಇದೆ. ಎರಡನೆಯದಕ್ಕೆ ನಮ್ಮ ಬಹುಪಾಲು ಸಂಸ್ಥೆಗಳ ಕಾಗದಪತ್ರಗಳಲ್ಲಿ ಒಂದು ಕಾಲಮ್ ಕೂಡ ಇರುವುದಿಲ್ಲ. ಈ ಕೊರತೆಯಿಂದ ಎಂತಹ ನಷ್ಟ ಉಂಟಾಗಬಹುದು ಎಂಬುದಕ್ಕೆ ಅಮೆರಿಕದ ಮೋಟಾರು ವ್ಯಾಪಾರದಲ್ಲಿ ನಿತ್ಯವೂ ಕಾಣುವ ಒಂದು ಸಣ್ಣ ಸಂಗತಿ ಉತ್ತಮ ನಿದರ್ಶನವಾಗಿದೆ. ಅಲ್ಲಿ ಹೊಸ ಕಾರು ಕೊಳ್ಳುವ ಅನೇಕರು ಡೀಲರನಲ್ಲಿ ಮಾಡುವ ವಿಶೇಷ ಕೋರಿಕೆ ಒಂದೇ: “ಮುಂದಿನ ನಂಬರ್ ಪ್ಲೇಟಿಗಾಗಿ ಬಂಪರಿಗೆ ರಂಧ್ರ ಕೊರೆಯಬೇಡಿ.”

ಒಂದು ದೇಶ, ಎರಡು ನಿಯಮ

ಅಮೆರಿಕದಲ್ಲಿ ವಾಹನ ನೋಂದಣಿ ಆಯಾ ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯ. 1901ರಲ್ಲಿ ನ್ಯೂಯಾರ್ಕ್ ರಾಜ್ಯವು ಮೊದಲಿಗೆ ವಾಹನಗಳಿಗೆ ಗುರುತಿನ ಫಲಕ ಇರಬೇಕೆಂದು ವಿಧಿಸಿತು. ಆ ಫಲಕವನ್ನು ಮಾಲೀಕರೇ ಮಾಡಿಸಿಕೊಳ್ಳಬೇಕಿತ್ತು. 1903ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ತಾನೇ ಫಲಕಗಳನ್ನು ತಯಾರಿಸಿ ಕೊಡಲಾರಂಭಿಸಿತು. ರಾಜ್ಯಕ್ಕೊಂದು ಅಳತೆಯಿದ್ದ ಫಲಕಗಳು 12 ಅಂಗುಲ ಉದ್ದ, 6 ಅಂಗುಲ ಎತ್ತರಕ್ಕೆ ಏಕರೂಪಗೊಂಡದ್ದು 1950ರ ದಶಕದಲ್ಲಿ.

ಅಳತೆ ಒಂದಾದರೂ ಸಂಖ್ಯೆ ಒಂದಾಗಲಿಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್ ಮೊದಲಾದ ರಾಜ್ಯಗಳಲ್ಲಿ ಕಾರಿನ ಮುಂದೆ ಮತ್ತು ಹಿಂದೆ ಎರಡೂ ಕಡೆ ಫಲಕ ಕಡ್ಡಾಯ. ಪೆನ್ಸಿಲ್ವೇನಿಯಾ, ಮಿಷಿಗನ್, ಫ್ಲಾರಿಡಾ, ಜಾರ್ಜಿಯಾ, ಅಲಬಾಮಾ ಸೇರಿದಂತೆ 20ಕ್ಕೂ ಹೆಚ್ಚು ರಾಜ್ಯಗಳಲ್ಲಿ ಹಿಂದಿನ ಫಲಕವೊಂದೇ ಸಾಕು. ಓಹಾಯೊ ರಾಜ್ಯ 2020ರ ಜುಲೈ 1ರಿಂದಲೂ ಯೂಟಾ ರಾಜ್ಯ 2025ರ ಜನವರಿ 1ರಿಂದಲೂ ಮುಂದಿನ ಫಲಕದ ಕಡ್ಡಾಯವನ್ನು ಕೈಬಿಟ್ಟಿವೆ.

ಇದರ ಪರಿಣಾಮ ಗಡಿ ಪ್ರದೇಶಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಾನ್ಸಸ್ ಸಿಟಿ ಎಂಬ ಮಹಾನಗರ ಪ್ರದೇಶ ಎರಡು ರಾಜ್ಯಗಳಲ್ಲಿ ಹರಡಿದೆ. ಮಿಸ್ಸೂರಿ ಭಾಗದ ಕಾರಿಗೆ ಎರಡು ಫಲಕ ಬೇಕು, ರಸ್ತೆಯಾಚೆಯ ಕಾನ್ಸಸ್ ಭಾಗದ ಕಾರಿಗೆ ಒಂದೇ. ನ್ಯೂಜೆರ್ಸಿಯ ಡೀಲರನಿಂದ ಕಾರು ಕೊಂಡು ನದಿ ದಾಟಿ ಪೆನ್ಸಿಲ್ವೇನಿಯಾದಲ್ಲಿ ನೋಂದಾಯಿಸುವವರಿಗೂ ಇದೇ ಸ್ಥಿತಿ. ತಮ್ಮ ರಾಜ್ಯದ ಕಾನೂನು ಕೇಳದಿರುವ ಫಲಕಕ್ಕಾಗಿ ತಮ್ಮ ಹೊಸ ಕಾರಿನ ಮುಖಕ್ಕೆ ರಂಧ್ರ ಏಕೆ ಬೀಳಬೇಕು ಎಂಬುದು ಅವರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೂ ಹೌದು.

ರಂಧ್ರ ಬೀಳುವುದು ಹೇಗೆ?

ಇಂದಿನ ಕಾರಿನ ಬಂಪರ್ ಹೊದಿಕೆ ಉಕ್ಕಿನದಲ್ಲ. ಅಚ್ಚಿನಲ್ಲಿ ಎರೆದು ಕಾರಿನ ಬಣ್ಣವನ್ನೇ ಬಳಿದ ಪ್ಲಾಸ್ಟಿಕ್ಕಿನದು. ಅನೇಕ ಮಾದರಿಗಳಲ್ಲಿ ಕಾರ್ಖಾನೆಯವರು ರಂಧ್ರ ಕೊರೆಯದೆ, ಕೊರೆಯಬೇಕಾದ ಸ್ಥಳದಲ್ಲಿ ಸಣ್ಣ ಗುಳಿಗಳನ್ನಷ್ಟೇ ಗುರುತಿಗಾಗಿ ಬಿಟ್ಟಿರುತ್ತಾರೆ. ಫಲಕ ಕೂರಿಸುವ ಬ್ರಾಕೆಟ್ ಮತ್ತು ಸ್ಕ್ರೂಗಳು ಪ್ರತ್ಯೇಕ ಚೀಲದಲ್ಲಿ ಕಾರಿನೊಡನೆ ಬರುತ್ತವೆ. ಡೆಲಿವರಿಗೆ ಮುನ್ನ ಕಾರನ್ನು ಸಿದ್ಧಪಡಿಸುವ ವರ್ಕ್‌ಷಾಪಿನಲ್ಲಿ ಕೆಲಸಗಾರನು ರಕ್ಷಣಾ ಹಾಳೆಗಳನ್ನು ತೆಗೆಯುತ್ತಾನೆ, ಟೈರಿನ ಗಾಳಿ ಪರೀಕ್ಷಿಸುತ್ತಾನೆ, ತೊಳೆಯುತ್ತಾನೆ, ಬ್ರಾಕೆಟ್ ಕೂರಿಸುತ್ತಾನೆ. ಕೊನೆಯ ಕೆಲಸಕ್ಕೆ ಐದು ನಿಮಿಷ ಸಾಕು.

ಆ ಐದು ನಿಮಿಷದ ಕೆಲಸವನ್ನು ಹಿಂತೆಗೆಯಲು ಮಾತ್ರ ಸಾಧ್ಯವಿಲ್ಲ. ಬಣ್ಣಕ್ಕೆ ಹೊಂದುವ ಬಿರಡೆ ಹಾಕಿದರೆ ಗುರುತು ಉಳಿಯುತ್ತದೆ. ಪ್ಲಾಸ್ಟಿಕ್ ಬೆಸೆದು ಬಂಪರಿಗೆ ಪೂರ್ತಿ ಬಣ್ಣ ಹೊಡೆದರೆ ಪಕ್ಕದ ಭಾಗಗಳೊಡನೆ ಛಾಯೆ ಹೊಂದಿಸಬೇಕಾಗುತ್ತದೆ. ಹೊದಿಕೆಯನ್ನೇ ಬದಲಿಸಿದರೆ ಹೊಸ ಕಾರು ಡೆಲಿವರಿಗೆ ಮೊದಲೇ ಬಿಚ್ಚಿ ಜೋಡಿಸಿದ ಕಾರಾಗುತ್ತದೆ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯ ಜೊತೆಗೆ ಬಂಪರನ್ನೂ ಸೇರಿಸಬಹುದು.

ಪರ್ಯಾಯಗಳಿಲ್ಲವೆಂದಲ್ಲ. ಕಾರನ್ನು ಎಳೆಯುವ ಕೊಕ್ಕೆಗಾಗಿ ಮುಂಭಾಗದಲ್ಲಿರುವ ಮರೆಯುಳ್ಳ ಗುಂಡಿಗೆ ತಿರುಗಿಸಿ ಕೂರಿಸುವ ಬ್ರಾಕೆಟ್ಟುಗಳು, ಗ್ರಿಲ್ಲಿಗೆ ಬಿಗಿಯುವ ಬ್ರಾಕೆಟ್ಟುಗಳು ಪೇಟೆಯಲ್ಲಿ ದೊರೆಯುತ್ತವೆ. ಎರಡು ಫಲಕದ ರಾಜ್ಯದಲ್ಲಿರುವ ಗ್ರಾಹಕರೂ ಇವುಗಳ ನೆರವಿನಿಂದ ಕಾನೂನು ಪಾಲಿಸುತ್ತಲೇ ರಂಧ್ರ ತಪ್ಪಿಸಬಹುದು. ರಂಧ್ರವಿಲ್ಲದ ಫಲಕದ ಬೇಡಿಕೆಯೇ ಒಂದು ಸಣ್ಣ ಉದ್ದಿಮೆಗೆ ಮಾರುಕಟ್ಟೆ ಒದಗಿಸಿರುವುದು ಗಮನಾರ್ಹ.

ಭರವಸೆ ಕಳೆದುಹೋಗುವ ದಾರಿ

ಸಾಮಾನ್ಯವಾಗಿ ಈ ಪ್ರಕರಣಗಳಲ್ಲಿ ಯಾರ ದುರುದ್ದೇಶವೂ ಇರುವುದಿಲ್ಲ. ಗ್ರಾಹಕನು ಸೇಲ್ಸ್‌ಮನ್ನನಿಗೆ ಹೇಳುತ್ತಾನೆ. ಸೇಲ್ಸ್‌ಮನ್ ನಗುತ್ತಲೇ ಒಪ್ಪುತ್ತಾನೆ. ಅವನು ಮ್ಯಾನೇಜರನಿಗೆ ಹೇಳಿರಬಹುದು. ಮ್ಯಾನೇಜರ್ ಹಣಕಾಸಿನ ಕಾಗದಗಳಲ್ಲಿ ಮುಳುಗಿರುತ್ತಾನೆ. ಕಾರು ವರ್ಕ್‌ಷಾಪಿಗೆ ಹೋಗುವಾಗ ಅದರೊಡನೆ ಹೋಗುವುದು ಜಾಬ್ ಕಾರ್ಡ್ ಒಂದೇ. ಅದರಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿ ಇದೆ, ಮಾಡಬಾರದ ಕೆಲಸಕ್ಕೆ ಸ್ಥಳವಿಲ್ಲ. ಕೆಲಸಗಾರನು ದಿನವೂ ಮಾಡುವ ಕೆಲಸವನ್ನು ಅಂದೂ ಮಾಡುತ್ತಾನೆ. ಅವನ ದೃಷ್ಟಿಯಲ್ಲಿ ಅದು ಅಚ್ಚುಕಟ್ಟಾದ ಕೆಲಸ.

ಈ ಅಪಾಯ ಅರಿತ ಅಲ್ಲಿನ ಅನುಭವಿ ಗ್ರಾಹಕರು ಮೂರು ಕ್ರಮಗಳನ್ನು ಅನುಸರಿಸುತ್ತಾರೆ. ಕೋರಿಕೆಯನ್ನು ಖರೀದಿ ಕರಾರಿನಲ್ಲಿಯೇ ಬರೆಸುತ್ತಾರೆ. ಡೀಲರನು ಇನ್ನೂ ಪೂರೈಸಬೇಕಾದ ಭರವಸೆಗಳನ್ನು ನಮೂದಿಸಿ ಸಹಿ ಹಾಕಿಕೊಡುವ, ಅಲ್ಲಿ ‘ವಿ ಓ’ ಎಂದು ಕರೆಯುವ ಚೀಟಿಯಲ್ಲಿಯೂ ಸೇರಿಸುತ್ತಾರೆ. ಕಾರು ಬಂದೊಡನೆ ಬಂಪರಿನ ಮೇಲೆಯೇ “ಕೊರೆಯಬೇಡಿ” ಎಂಬ ಚೀಟಿ ಅಂಟಿಸಲು ಹೇಳುತ್ತಾರೆ. ಇವುಗಳಲ್ಲಿ ಡ್ರಿಲ್ ಹಿಡಿದವನ ಕಣ್ಣಿಗೆ ಬೀಳುವುದು ಮೂರನೆಯದು. ಆದುದರಿಂದ ಕೆಲಸದ ಮಟ್ಟಿಗೆ ಪರಿಣಾಮಕಾರಿಯಾದುದೂ ಅದೇ. ವಿವಾದ ಬಂದಾಗ ನೆರವಾಗುವುವು ಮೊದಲೆರಡು. ಲಿಖಿತ ಕರಾರೇ ಅಂತಿಮವೆಂದು ಅದರಲ್ಲಿಯೇ ಒಂದು ಸಾಲು ಮುದ್ರಿತವಾಗಿರುವಾಗ, ಅದಕ್ಕೂ ಮುನ್ನ ಆಡಿದ ಬಾಯಿಮಾತನ್ನು ರುಜುವಾತುಪಡಿಸಿ ಗೆಲ್ಲುವುದು ಕಷ್ಟ.

ಮುಚ್ಚಿಟ್ಟ ಬಣ್ಣದ ಬೆಲೆ

ತಪ್ಪು ನಡೆದ ಮೇಲೆ ಡೀಲರನ ಮುಂದೆ ಎರಡು ದಾರಿಗಳಿರುತ್ತವೆ. ಒಪ್ಪಿಕೊಂಡು ಪರಿಹಾರ ಕೊಡುವುದು ಒಂದು. ಸದ್ದಿಲ್ಲದೆ ರಂಧ್ರ ಮುಚ್ಚಿ, ಬಣ್ಣ ಹೊಡೆದು, ಹೊಸದೆಂದೇ ಕೊಡುವುದು ಇನ್ನೊಂದು. ಎರಡನೆಯ ದಾರಿಯ ಅಪಾಯವನ್ನು ತಿಳಿಯಲು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಬಿಎಂಡಬ್ಲ್ಯು ವಿರುದ್ಧ ಗೋರ್ ಪ್ರಕರಣವನ್ನು ನೋಡಬಹುದು.

1990ರಲ್ಲಿ ಅಲಬಾಮಾದ ವೈದ್ಯ ಇರಾ ಗೋರ್ 40,750 ಡಾಲರಿಗೂ ಸ್ವಲ್ಪ ಹೆಚ್ಚು ಕೊಟ್ಟು ಹೊಸ ಕಾರು ಕೊಂಡರು. ಮಾರಾಟಕ್ಕೆ ಮುಂಚೆಯೇ ಅದರ ಕೆಲವು ಭಾಗಗಳಿಗೆ ಮರಳಿ ಬಣ್ಣ ಹೊಡೆಯಲಾಗಿತ್ತೆಂಬುದು ತಿಂಗಳುಗಳ ನಂತರ ಅವರಿಗೆ ತಿಳಿಯಿತು. ಆ ದುರಸ್ತಿಗೆ ತಗುಲಿದ್ದ ವೆಚ್ಚ ಕೇವಲ 601 ಡಾಲರ್, ಅಂದರೆ ಬೆಲೆಯ ಸುಮಾರು ಶೇ. 1.5. ದುರಸ್ತಿ ವೆಚ್ಚ ಬೆಲೆಯ ಶೇ. 3ನ್ನು ಮೀರದಿದ್ದರೆ ಡೀಲರನಿಗೂ ತಿಳಿಸದೆ ಹೊಸದೆಂದು ಮಾರುವುದು ಕಂಪನಿಯ ಆಗಿನ ನೀತಿಯಾಗಿತ್ತು. ಜ್ಯೂರಿಯು ಗೋರ್ ಅವರ ನಷ್ಟವನ್ನು 4,000 ಡಾಲರೆಂದು ಎಣಿಸಿ, ಅದರ ಮೇಲೆ ದಂಡರೂಪದ ಪರಿಹಾರವಾಗಿ 40 ಲಕ್ಷ ಡಾಲರ್ ವಿಧಿಸಿತು. ಅಲಬಾಮಾದ ಸರ್ವೋಚ್ಚ ನ್ಯಾಯಾಲಯ ಅದನ್ನು 20 ಲಕ್ಷಕ್ಕೆ ಇಳಿಸಿತು. 1996ರ ಮೇ ತಿಂಗಳಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 5-4ರ ಬಹುಮತದಿಂದ ಆ ಮೊತ್ತವೂ ಅತಿಯಾದುದೆಂದು ತಳ್ಳಿಹಾಕಿತು. ಮರುವಿಚಾರಣೆಯಲ್ಲಿ ಅದು 50,000 ಡಾಲರಿಗೆ ನಿಂತಿತು.

ದಂಡಕ್ಕೂ ಮಿತಿಯಿರಬೇಕು ಎಂಬ ತತ್ತ್ವಕ್ಕಾಗಿ ನ್ಯಾಯಶಾಸ್ತ್ರದಲ್ಲಿ ಈ ತೀರ್ಪು ಪ್ರಸಿದ್ಧ. ವ್ಯಾಪಾರಿಯು ಗಮನಿಸಬೇಕಾದ ಲೆಕ್ಕ ಬೇರೆ. ಕೊನೆಗೆ ಉಳಿದ ಮೊತ್ತವೂ ಮೂಲ ದುರಸ್ತಿ ವೆಚ್ಚದ 80 ಪಟ್ಟಿಗಿಂತ ಹೆಚ್ಚು. ವಕೀಲರ ಶುಲ್ಕ ಹಾಗೂ ಹೆಸರಿಗೆ ತಗುಲಿದ ಕಳಂಕ ಇದರಲ್ಲಿ ಸೇರಿಲ್ಲ. ಮೊದಲ ದಿನವೇ ಹೇಳಿದ್ದರೆ ಒಂದಿಷ್ಟು ರಿಯಾಯಿತಿಯಲ್ಲಿ ಮುಗಿಯಬಹುದಾಗಿದ್ದ ವಿಷಯ ಅದು.

ನಮ್ಮ ಕಾನೂನಿನ ದೃಷ್ಟಿ

ನಂಬರ್ ಪ್ಲೇಟಿನ ವಿಷಯದಲ್ಲಿ ನಮ್ಮಲ್ಲಿ ಅಂತಹ ಆಯ್ಕೆಯಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಕಾರಿನ ಮುಂದೆ ಮತ್ತು ಹಿಂದೆ ಎರಡೂ ಫಲಕ ಕಡ್ಡಾಯ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕವನ್ನು ತಯಾರಕರೇ ಒದಗಿಸಿ, ಡೀಲರನ ಮೂಲಕ ಅಳವಡಿಸಬೇಕು. ಆದಕಾರಣ ಕರ್ನಾಟಕದ ಡೀಲರನೊಬ್ಬನಿಗೆ ಗ್ರಾಹಕರು “ಮುಂದಿನ ಫಲಕ ಬೇಡ” ಎಂದರೆ ಅದನ್ನು ಒಪ್ಪುವಂತಿಲ್ಲ. ಕಾನೂನು ಬಿಟ್ಟುಕೊಡದ ಕೋರಿಕೆಯನ್ನು ಸೌಜನ್ಯದಿಂದ, ಆರಂಭದಲ್ಲಿಯೇ ನಿರಾಕರಿಸಬೇಕು. ಹಿಂದಿನ ಗಾಜಿಗೆ ಷೋರೂಮಿನ ಸ್ಟಿಕ್ಕರ್ ಬೇಡ, ಬಾಗಿಲಿಗೆ ರಂಧ್ರ ಕೊರೆದು ಕೂರಿಸುವ ಅಲಂಕಾರ ಬೇಡ, ಹೆಚ್ಚುವರಿ ದೀಪಕ್ಕಾಗಿ ವೈರ್ ಕತ್ತರಿಸುವುದು ಬೇಡ ಎಂಬಂತಹ ಕೋರಿಕೆಗಳ ಮಾತು ಬೇರೆ. ಅವುಗಳನ್ನು ಒಪ್ಪಿದ ಮೇಲೆ ಅವು ಕರಾರಿನ ಅಂಗವೇ ಆಗುತ್ತವೆ.

ಇದು ಮೋಟಾರು ವ್ಯಾಪಾರಕ್ಕೆ ಸೀಮಿತವಾದ ವಿಷಯವಲ್ಲ. “ಪ್ಯಾನೆಲ್ಲಿಗೆ ರಂಧ್ರ ಹಾಕಬೇಡಿ, ಸೈಟಿನಲ್ಲಿ ಹಾಕಿಕೊಳ್ಳುತ್ತೇವೆ” ಎಂದು ಪೀಣ್ಯದ ಫ್ಯಾಬ್ರಿಕೇಷನ್ ಘಟಕಕ್ಕೆ ಬರುವ ಸೂಚನೆ, “ಅಂಚಿಗೆ ಪಾಲಿಶ್ ಬೇಡ” ಎಂದು ಗ್ರಾನೈಟ್ ಘಟಕಕ್ಕೆ ಬರುವ ಸೂಚನೆ, “ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಮುದ್ರಿಸಬೇಡಿ” ಎಂದು ಪ್ಯಾಕಿಂಗ್ ತಯಾರಕರಿಗೆ ಬರುವ ಸೂಚನೆ ಎಲ್ಲವೂ ಇದೇ ಜಾತಿಯವು.

ಸರಕು ಮಾರಾಟ ಕಾಯ್ದೆ, 1930ರ 12ನೇ ಪ್ರಕರಣದಂತೆ ಕರಾರಿನ ಅಂಶವೊಂದು ಮೂಲಭೂತ ಷರತ್ತೋ ಆನುಷಂಗಿಕ ವಾರಂಟಿಯೋ ಎಂಬುದು ಆಯಾ ಕರಾರಿನ ಅರ್ಥವನ್ನು ಅವಲಂಬಿಸಿರುತ್ತದೆ. ಷರತ್ತು ಭಂಗವಾದರೆ ಖರೀದಿದಾರನು ಸರಕನ್ನೇ ತಿರಸ್ಕರಿಸಬಹುದು. ವಾರಂಟಿ ಭಂಗವಾದರೆ ನಷ್ಟಪರಿಹಾರಕ್ಕಷ್ಟೇ ಅರ್ಹ. 41ನೇ ಪ್ರಕರಣ ಸರಕನ್ನು ಪರೀಕ್ಷಿಸಲು ಸಮಂಜಸವಾದ ಅವಕಾಶ ಕೊಡುತ್ತದೆ. ಆದರೆ ಸಮಂಜಸವಾದ ಅವಧಿ ಮೀರಿ ಏನೂ ಹೇಳದೆ ಇಟ್ಟುಕೊಂಡರೆ 42ನೇ ಪ್ರಕರಣದ ಪ್ರಕಾರ ಸ್ವೀಕರಿಸಿದಂತೆಯೇ. ಆದ್ದರಿಂದ ಕೊಳ್ಳುವವರು ಸ್ವೀಕೃತಿ ಪತ್ರಕ್ಕೆ ಸಹಿ ಹಾಕುವ ಮುನ್ನ ನೋಡಬೇಕು. ‘ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು’ ಎಂಬಂತಾಗಬಾರದು.

ಮಾರುವವರು ನೆನಪಿಡಬೇಕಾದದ್ದು ಕರಾರು ಕಾಯ್ದೆ, 1872ರ 237ನೇ ಪ್ರಕರಣ. ತನ್ನ ಪ್ರತಿನಿಧಿಗೆ ಅಧಿಕಾರವಿದೆಯೆಂದು ಗ್ರಾಹಕರು ನಂಬುವಂತೆ ಸಂಸ್ಥೆಯೇ ನಡೆದುಕೊಂಡಿದ್ದಲ್ಲಿ, “ಸೇಲ್ಸ್‌ಮನ್ ಹೇಳಿದ್ದು ನಮಗೆ ಗೊತ್ತಿಲ್ಲ” ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಖರೀದಿ ಸ್ವಂತ ಬಳಕೆಗಾಗಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅನ್ವಯ ಕರಾರಿನಂತೆ ಸೇವೆ ಸಲ್ಲಿಸದಿರುವುದು ಸೇವಾ ನ್ಯೂನತೆಯೆನಿಸಬಹುದು.

ಲೆಕ್ಕಪತ್ರದಲ್ಲಿ ಕಾಣಬೇಕು

ಅಮೆರಿಕದ ಡೀಲರರ ಲೆಕ್ಕಪತ್ರಗಳಲ್ಲಿ ಇಂತಹ ತಪ್ಪುಗಳನ್ನು ಸರಿಪಡಿಸುವ ವೆಚ್ಚಕ್ಕೆ ‘ಪಾಲಿಸಿ’ ಎಂಬ ಹೆಸರಿನ ಪ್ರತ್ಯೇಕ ಖಾತೆಯೇ ಇರುತ್ತದೆ. ನಮ್ಮಲ್ಲಿ ಇದು ಸಾಮಾನ್ಯವಾಗಿ ‘ಇತರೆ ವೆಚ್ಚ’ ಅಥವಾ ‘ರಿಯಾಯಿತಿ’ಯಲ್ಲಿ ಕರಗಿಹೋಗುತ್ತದೆ. ಮರುಕೆಲಸದ ವೆಚ್ಚವೆಂದು ಬೇರೆ ಖಾತೆ ತೆರೆದರೆ, ಬಾಯಿಮಾತಿನ ಆರ್ಡರುಗಳಿಂದ ವರ್ಷಕ್ಕೆ ಎಷ್ಟು ಸೋರಿಕೆಯಾಗುತ್ತಿದೆ ಎಂಬುದು ಮಾಲೀಕರಿಗೆ ಅಂಕಿಯಲ್ಲಿ ಕಾಣುತ್ತದೆ.

ದೋಷಕ್ಕಾಗಿ ಬೆಲೆ ಇಳಿಸುವುದಾದರೆ, ಕೇಂದ್ರ ಜಿಎಸ್‌ಟಿ ಕಾಯ್ದೆಯ 34ನೇ ಪ್ರಕರಣದಂತೆ ಕ್ರೆಡಿಟ್ ನೋಟ್ ನೀಡಿ ತೆರಿಗೆಯ ಹೊಣೆಯನ್ನೂ ತಗ್ಗಿಸಿಕೊಳ್ಳಬಹುದು. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಮೊದಲು ಬರುವುದರೊಳಗೆ ಅದನ್ನು ಘೋಷಿಸಬೇಕು. ಹೂಡುವಳಿ ತೆರಿಗೆ ಜಮೆ ಪಡೆದಿರುವ ಖರೀದಿದಾರರು ತಮ್ಮ ಭಾಗವನ್ನು ಹಿಂತಿರುಗಿಸಬೇಕಾಗುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಆರ್ಡರ್ ಫಾರಂ ಮತ್ತು ಜಾಬ್ ಕಾರ್ಡ್ ಎರಡರಲ್ಲೂ ‘ಮಾಡಬಾರದ ಕೆಲಸ’ ಎಂಬ ಕಾಲಮ್ ಇರಲಿ. ಏನೂ ಇಲ್ಲದಿದ್ದರೆ ‘ಇಲ್ಲ’ ಎಂದು ಬರೆಯಲಿ; ಖಾಲಿ ಬಿಡಬಾರದು.

2. ಕಾನೂನು ಒಪ್ಪದ ಕೋರಿಕೆಯನ್ನು ಆರ್ಡರ್ ಪಡೆಯುವಾಗಲೇ ನಿರಾಕರಿಸಿ.

3. ಸೂಚನೆ ಕಡತದಲ್ಲಷ್ಟೇ ಉಳಿಯದೆ ಸರಕಿನ ಮೇಲೆಯೂ ಇರಲಿ. ಕೆಲಸಗಾರನು ಓದುವ ಭಾಷೆಯಲ್ಲಿ, ಕೆಲಸ ನಡೆಯುವ ಸ್ಥಳದಲ್ಲಿ ಚೀಟಿ ಅಂಟಿಸಿ.

4. ಕೊರೆಯುವುದು, ಕತ್ತರಿಸುವುದು, ಮುದ್ರಿಸುವುದು ಮೊದಲಾದ ಹಿಂತೆಗೆಯಲಾಗದ ಕೆಲಸಗಳನ್ನು ಕೊನೆಯ ಹಂತಕ್ಕೆ ಇಡಿ. ಅದಕ್ಕೆ ಮುನ್ನ ಮೇಲ್ವಿಚಾರಕರ ಸಹಿ ಕಡ್ಡಾಯವಾಗಲಿ.

5. ತಪ್ಪಾದರೆ ಗ್ರಾಹಕರು ಕಂಡುಹಿಡಿಯುವ ಮುನ್ನ ನೀವೇ ತಿಳಿಸಿ, ಪರಿಹಾರವನ್ನು ಬರವಣಿಗೆಯಲ್ಲಿ ಕೊಡಿ.

ಈ ಐದಕ್ಕೂ ಯಂತ್ರೋಪಕರಣ ಬೇಕಿಲ್ಲ, ಬ್ಯಾಂಕ್ ಸಾಲವೂ ಬೇಕಿಲ್ಲ. ಮುಂದಿನ ಬಾರಿ ಆರ್ಡರ್ ಫಾರಂ ಮುದ್ರಣಕ್ಕೆ ಕೊಡುವಾಗ ಅದರಲ್ಲಿ ಇನ್ನೊಂದು ಗೆರೆ ಸೇರಿಸಿದರೆ ಆರಂಭವಾಯಿತು. ಬೇಡವೆಂದ ಮಾತನ್ನು ನೆನಪಿಟ್ಟು ನಡೆಸಿಕೊಟ್ಟ ಅಂಗಡಿಗೆ ಗ್ರಾಹಕರು ಮರಳಿ ಬರುತ್ತಾರೆ; ಬರುವಾಗ ಇನ್ನೊಬ್ಬರನ್ನೂ ಕರೆತರುತ್ತಾರೆ.