ಚುಕ್ಕೆ ಮಾಯವಾದರೆ ರೋಗ ಹೋಯಿತೇ?



ಕೆಲವು ವಾರಗಳ ಹಿಂದೆ ಪೂಜೆ ಮುಗಿದ ಮೇಲೆ ತಾಯಿಯೊಬ್ಬರು ನನ್ನನ್ನು ತಮ್ಮ ಮನೆಗೆ ಕರೆದರು. ಚೆನ್ನೈನಲ್ಲಿ ಕೆಲಸದಲ್ಲಿರುವ ಮಗ ಅಲ್ಲಿಯ ಕೊಳತ್ತೂರಿನಿಂದ (ನಮ್ಮ ಮೇಟ್ಟೂರು ಬಳಿಯ ಕೊಳತ್ತೂರಲ್ಲ) ಸಮುದ್ರದ ಬಣ್ಣದ ಮೀನು ತಂದು ಗಾಜಿನ ತೊಟ್ಟಿಗೆ ಬಿಟ್ಟಿದ್ದ. ಹೊಸ ಮೀನಿನ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳಿದ್ದವು. ನಾಲ್ಕು ದಿನದಲ್ಲಿ ಅವು ತಾವಾಗಿಯೇ ಹೋದವು. ಮನೆಯವರಿಗೆಲ್ಲ ಸಂತೋಷ. ಆದರೆ ಮುಂದಿನ ವಾರ ಹಳೆಯ ಮೀನುಗಳ ಮೇಲೂ ಚುಕ್ಕೆ ಕಂಡಿತು. ಹತ್ತು ದಿನದಲ್ಲಿ ತೊಟ್ಟಿ ಬರಿದಾಯಿತು. "ವಾಸಿಯಾಗಿತ್ತಲ್ಲ ಸ್ವಾಮಿ, ಮತ್ತೆ ಹೇಗೆ ಬಂತು?" ಎಂದು ಆ ತಾಯಿ ಕೇಳಿದರು. ಹೊಲದ ಹೊಂಡಕ್ಕೆ ಮೀನುಮರಿ ಬಿಡುವ ರೈತರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ರೋಗ ಎಲ್ಲಿ ಅಡಗುತ್ತದೆ?

ಬಿಳಿ ಚುಕ್ಕೆಗೆ ಕಾರಣ ಒಂದೇ ಜೀವಕೋಶದ ಸಣ್ಣ ಪರಾವಲಂಬಿ. ಸಿಹಿನೀರಿನಲ್ಲಿ ಒಂದು ಜಾತಿ, ಸಮುದ್ರದ ನೀರಿನಲ್ಲಿ ಇನ್ನೊಂದು. ಅದು ಮೀನಿನ ಚರ್ಮದ ಒಳಗೆ ಮತ್ತು ಕಿವಿರಿನಲ್ಲಿ ಕೆಲವು ದಿನ ತಿಂದು ಬೆಳೆಯುತ್ತದೆ. ಬೆಳೆದ ಮೇಲೆ ಕಳಚಿಕೊಂಡು ತಳಕ್ಕೆ ಬಿದ್ದು, ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ನಾವು "ವಾಸಿಯಾಯಿತು" ಎನ್ನುವುದು ಈ ಹೊತ್ತಿನಲ್ಲೇ! ಗೂಡಿನೊಳಗೆ ಒಂದು ನೂರಾರು ಆಗುತ್ತದೆ. ಗೂಡು ಒಡೆದು ಹೊರಬಂದ ಮರಿಗಳು ಒಂದೆರಡು ದಿನದೊಳಗೆ ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ.

ಔಷಧಿ ತಾಗುವುದು ಹೀಗೆ ಈಜುವ ಮರಿಗಳಿಗೆ ಮಾತ್ರ. ಚರ್ಮದೊಳಗೆ ಇರುವುದಕ್ಕೂ ಗೂಡಿನೊಳಗೆ ಇರುವುದಕ್ಕೂ ತಾಗದು. ಆದುದರಿಂದ ಒಂದು ದಿನ ಔಷಧಿ ಹಾಕಿ ಬಿಟ್ಟರೆ ಪ್ರಯೋಜನವಿಲ್ಲ. ನಮ್ಮ ಸೆಖೆಯಲ್ಲಿ ಸಿಹಿನೀರಿನ ರೋಗ ಒಂದು ವಾರದೊಳಗೇ ಒಂದು ಸುತ್ತು ಮುಗಿಸುತ್ತದೆ. ಸಮುದ್ರದ ರೋಗದ ಗೂಡುಗಳಲ್ಲಿ ಕೆಲವು ಒಡೆಯಲು ಹಲವು ವಾರ ತೆಗೆದುಕೊಳ್ಳುತ್ತವೆ.

ಪ್ರತ್ಯೇಕ ತೊಟ್ಟಿ

ಹೊಸ ಮೀನನ್ನು, ಅದು ಎಷ್ಟೇ ಚೆನ್ನಾಗಿ ಕಂಡರೂ, ಮೊದಲು ಬೇರೆ ತೊಟ್ಟಿಯಲ್ಲಿಡಿ. ಸಿಹಿನೀರಿನ ಮೀನಾದರೆ ಎರಡು ಮೂರು ವಾರ, ಸಮುದ್ರದ ಮೀನಾದರೆ ನಲವತ್ತು ದಿನ. ತೊಟ್ಟಿಯಲ್ಲಿ ಮರಳು, ಕಲ್ಲು ಬೇಡ. ಗಾಳಿ ಹಾಯಿಸುವ ಪಂಪು ಬೇಕು. ಬಲೆ, ಬಕೆಟ್ಟು ಎಲ್ಲವೂ ಬೇರೆಯಾಗಿರಲಿ. ಮೇವು ಕಡಿಮೆ ಹಾಕಿ, ದಿನವೂ ಕಾಲು ಭಾಗ ನೀರು ಬದಲಿಸಿ. ಏಕೆಂದರೆ ಸಣ್ಣ ತೊಟ್ಟಿಯಲ್ಲಿ ರೋಗಕ್ಕಿಂತ ಮುಂಚೆ ಮೀನಿನ ಕಲ್ಮಷವೇ ಅದನ್ನು ಕೊಲ್ಲಬಹುದು. ನಲ್ಲಿಯ ನೀರನ್ನು ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಬಳಸಿ. ಬೋರ್‌ವೆಲ್ ನೀರಿನಲ್ಲಿ ಪ್ರಾಣವಾಯು ಕಡಿಮೆ. ಅದಕ್ಕೂ ಗಾಳಿ ತಾಗಿಸಿ.

ಹೊಂಡದೊಳಗೇ ಬಲೆ ಕಟ್ಟಿ ಹೊಸ ಮರಿಗಳನ್ನು ಇಟ್ಟರೆ ಅದು ಪ್ರತ್ಯೇಕವಲ್ಲ. ನೀರು ಒಂದೇ. ಪ್ಲಾಸ್ಟಿಕ್ ಚೀಲದಲ್ಲಿ ಬಂದ ನೀರನ್ನೂ ಹೊಂಡಕ್ಕೆ ಸುರಿಯಬೇಡಿ.

ಚಿಕಿತ್ಸೆ

ಸಿಹಿನೀರಿನ ಮೀನಿಗೆ ಕಲ್ಲುಪ್ಪು ಒಳ್ಳೆಯ ಮದ್ದು. ಕಟ್ಲಾ, ರೋಹು ಮರಿಗಳನ್ನು ಬಿಡುವ ಮುನ್ನ ಲೀಟರಿಗೆ 20 ಗ್ರಾಂ ಉಪ್ಪಿನ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯಬಹುದು. ಮರಿ ಮಗ್ಗುಲಾದರೆ ತಕ್ಷಣ ತೆಗೆಯಿರಿ. ಬಿಳಿ ಚುಕ್ಕೆ ಇದ್ದರೆ ಪ್ರತ್ಯೇಕ ತೊಟ್ಟಿಯಲ್ಲಿ ಲೀಟರಿಗೆ 2 ರಿಂದ 3 ಗ್ರಾಂ ಉಪ್ಪು ಕರಗಿಸಿ, ದಿನವೂ ತಳದ ಕೊಳೆ ತೆಗೆಯುತ್ತಾ, ಚುಕ್ಕೆ ಹೋದ ಮೇಲೂ ಎರಡು ವಾರ ಮುಂದುವರಿಸಿ. ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣವನ್ನು ತಿನ್ನುವ ಮೀನಿಗೆ ಎಂದೂ ಹಾಕಬಾರದು.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಮೊದಲೇ ಇರುತ್ತದೆ. ಅಲ್ಲಿ ಇನ್ನಷ್ಟು ಉಪ್ಪು ಮದ್ದಾಗದು. ಅಲ್ಲಿ ಸುಲಭವಾದ ದಾರಿ ತೊಟ್ಟಿ ಬದಲಿಸುವುದು. ಮೂರು ದಿನಕ್ಕೊಮ್ಮೆ, ಒಟ್ಟು ನಾಲ್ಕು ಬಾರಿ, ಮೀನನ್ನು ಒಣಗಿಸಿ ಶುದ್ಧಮಾಡಿದ ಬೇರೆ ತೊಟ್ಟಿಗೆ ಹೊಸ ಉಪ್ಪುನೀರಿನಲ್ಲಿ ಬಿಡಿ. ಉದುರಿದ ಗೂಡು ಒಡೆಯುವ ಮೊದಲೇ ಮೀನು ಅಲ್ಲಿಂದ ಹೋಗಿರುತ್ತದೆ. ಎರಡು ತೊಟ್ಟಿ ಇದ್ದರೆ ಸಾಕು, ಔಷಧಿಯೇ ಬೇಡ. ಹಳೆಯ ದೊಡ್ಡ ತೊಟ್ಟಿಯನ್ನು ಕನಿಷ್ಠ ಆರು ವಾರ ಮೀನಿಲ್ಲದೆ ಬಿಡಬೇಕು.

ತಾಮ್ರದ ಔಷಧಿಯೂ ಉಂಟು. ಆದರೆ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತವನ್ನು ಚಿಟಿಕೆ ಲೆಕ್ಕದಲ್ಲಿ ಹಾಕಬೇಡಿ. ಬೇಕಾದ ತಾಮ್ರ ಲೀಟರಿಗೆ 0.2 ಮಿಲಿಗ್ರಾಂ ಮೀರಬಾರದು. ಅಂದರೆ 100 ಲೀಟರಿಗೆ ಮೈಲುತುತ್ತ 80 ಮಿಲಿಗ್ರಾಂ ಮಾತ್ರ, ಕೆಲವು ಹರಳುಗಳಷ್ಟೇ! ಹೆಚ್ಚಾದರೆ ಮೀನು ಸಾಯುತ್ತದೆ, ಕಡಿಮೆಯಾದರೆ ರೋಗ ಉಳಿಯುತ್ತದೆ. ಅಳೆಯುವ ಸಾಧನವಿಲ್ಲದವರು ಈ ದಾರಿಗೆ ಹೋಗದಿರುವುದೇ ಲೇಸು. ಸೀಗಡಿ, ಬಸವನಹುಳು ಇರುವ ತೊಟ್ಟಿಗಂತೂ ತಾಮ್ರ ಬೇಡವೇ ಬೇಡ.

ನಲವತ್ತು ದಿನ

2020ರ ಕೊರೋನಾ ಕಾಲದಲ್ಲಿ ಕ್ವಾರಂಟೈನ್ ಎಂಬ ಮಾತು ನಮ್ಮ ಮನೆಮನೆಗೂ ಬಂತು. ಇಟಲಿಯ ಭಾಷೆಯಲ್ಲಿ ಅದರ ಮೂಲ "ನಲವತ್ತು". ಪ್ಲೇಗಿನ ಭಯದಿಂದ 1377ರಲ್ಲಿ ರಗೂಸಾ ಪಟ್ಟಣದವರು ಹೊರಗಿನಿಂದ ಬಂದವರನ್ನು ಮೂವತ್ತು ದಿನ ದೂರವಿಟ್ಟರು. ಮುಂದೆ ಅದು ನಲವತ್ತಾಯಿತು. ಅದಕ್ಕೂ ಬಹಳ ಹಿಂದೆ, ಯಾಜಕಕಾಂಡದ 13ನೇ ಅಧ್ಯಾಯದಲ್ಲಿ, ಚರ್ಮದ ಮಚ್ಚೆಯ ಬಗ್ಗೆ ಸಂದೇಹವಿದ್ದರೆ ಯಾಜಕನು ಏಳು ದಿನ ಪ್ರತ್ಯೇಕವಿಟ್ಟು ನೋಡಬೇಕು, ಮತ್ತೆ ಏಳು ದಿನ ಇಡಬೇಕು ಎಂಬ ನಿಯಮವಿದೆ. ಒಂದೇ ನೋಟಕ್ಕೆ ತೀರ್ಪಿಲ್ಲ.

ತಪಸ್ಸುಕಾಲದ ನಲವತ್ತು ದಿನ ಕಾಯಲು ನಮಗೆ ಅಭ್ಯಾಸವಿದೆ. ಮೊದಲ ವಾರದಲ್ಲೇ ಮನಸ್ಸು ಹಗುರವಾಯಿತೆಂದು ಯಾರೂ ಉಪವಾಸ ನಿಲ್ಲಿಸುವುದಿಲ್ಲ. ಮೀನಿನ ವಿಷಯದಲ್ಲೂ ಹಾಗೆಯೇ. ಚುಕ್ಕೆ ಹೋದ ದಿನ ಮೀನನ್ನು ಹೊಂಡಕ್ಕೆ ಬಿಡಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ, ಅಲ್ಲಿಂದ ಎಣಿಸಲು ಪ್ರಾರಂಭಿಸಿ.

– ನಿಮ್ಮ ಧರ್ಮಕೇಂದ್ರದ ಗುರು