ಪ್ರಾಚೀನ ವಸ್ತುಗಳೂ ಗೃಹಸ್ಥರ ಕರ್ತವ್ಯವೂ

ಗದಗದಿಂದ ಸುಮಾರು 12 ಕಿಲೋಮೀಟರು ದೂರದಲ್ಲಿರುವ ಲಕ್ಕುಂಡಿಯನ್ನು ಕಾಣದ ವಾಚಕರು ನಮ್ಮ ಸೀಮೆಯಲ್ಲಿ ವಿರಳ. ದಾನಚಿಂತಾಮಣಿ ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವು ಅಲ್ಲಿ ಇಂದಿಗೂ ನಿಂತಿದೆ. ಅದರೊಳಗೆ ಚತುರ್ಮುಖ ಬ್ರಹ್ಮನ ಮೂರ್ತಿಯೊಂದುಂಟು. ಆ ಮೂರ್ತಿಯನ್ನು ಯಾರಾದರೂ ದೂರದ ಪಟ್ಟಣಕ್ಕೊಯ್ದು, ‘ಬ್ರಹ್ಮ, ಕಲ್ಲಿನದು’ ಎಂಬ ಚೀಟಿಯನ್ನಂಟಿಸಿ ನಿಲ್ಲಿಸಿದ್ದರೆ, ಅದು ಜೈನಬಸದಿಯಲ್ಲಿತ್ತೆಂಬ ಸಂಗತಿಯು ನೋಡಿದವರಿಗೆ ತಿಳಿಯುವದೆಂತು? ಮೂರ್ತಿಯು ಉಳಿದರೂ ಅದರ ಅರ್ಥವು ಅಳಿದುಹೋಗುವದು. ಪ್ರಾಚೀನ ವಸ್ತುವಿಗೆ ಅದು ಇದ್ದ ಸ್ಥಳವೇ ಅರ್ಧ ಚರಿತ್ರೆ.

ಸಂಗ್ರಹಿಸಿದ ವಸ್ತುವು ಮನುಷ್ಯದೇಹವೇ ಆಗಿದ್ದರಂತೂ ಹೊಣೆಯು ಇಮ್ಮಡಿಯಾಗುವದು. ಹೈದರಾಬಾದಿನ ಸರಕಾರೀ ವಸ್ತುಸಂಗ್ರಹಾಲಯದಲ್ಲಿ ಈಜಿಪ್ತ ದೇಶದ ತರುಣಿಯೊಬ್ಬಳ ಶವವಿದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಅವಳ ಕಡೆಯವರು ಅದನ್ನು ಸಂಸ್ಕರಿಸಿ, ಬಟ್ಟೆಯಲ್ಲಿ ಸುತ್ತಿ, ಪರಲೋಕದ ಬಾಳಿಗೆಂದು ಇರಿಸಿದ್ದರು. ಅದು ಕ್ರಯಕ್ಕೆ ಬಂದು, ನಿಜಾಮರ ಕೈಸೇರಿ, ಅವರಿಂದ ಸಂಗ್ರಹಾಲಯಕ್ಕೆ ಬಂದಿತು. 19ನೆಯ ಶತಮಾನದ ಲಂಡನ್ನಿನಲ್ಲಿ ಇಂಥ ಶವಗಳ ಬಟ್ಟೆಯನ್ನು ಸಭಿಕರೆದುರಿಗೆ ಬಿಚ್ಚಿ ತೋರಿಸುತ್ತಿದ್ದರು. ಹೈದರಾಬಾದಿನಲ್ಲಿಯಾದರೋ 2016ರಲ್ಲಿ ಬಟ್ಟೆಯನ್ನು ಬಿಚ್ಚದೆಯೆ ಕ್ಷಕಿರಣಗಳಿಂದ ಪರೀಕ್ಷಿಸಿದರು. ಕೆಡದಂತೆ ಆಮ್ಲಜನಕರಹಿತವಾದ ಪೆಟ್ಟಿಗೆಯನ್ನೂ ಒದಗಿಸಿದರು. ನೋಡಲು ಹೋದವರು ಅವಳೂ ಒಬ್ಬರ ಮಗಳೆಂಬುದನ್ನು ಮರೆಯಲಾಗದು. ಕಥೆ ಕಟ್ಟದೆ, ತಿಳಿದಷ್ಟನ್ನೇ ಬರೆದು ತೋರಿಸುವದು ಸಂಗ್ರಹಾಲಯದ ಧರ್ಮ.

ಇದೆಲ್ಲ ಪಂಡಿತರ ಕೆಲಸ, ಸಂಸಾರಿಗಳಿಗೇನು ಎಂದು ಕೆಲವರು ಕೇಳಬಹುದು. ಆದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಯ ಹಳೆಯ ಊರುಗಳಲ್ಲಿ ವೀರಗಲ್ಲು, ಶಾಸನದ ಕಲ್ಲುಗಳು ಇನ್ನೂ ಹೊಲ ಹಿತ್ತಿಲುಗಳಲ್ಲಿ ಸಿಕ್ಕಾವು. ಕೆಲವು ಒಗೆಯುವ ಕಲ್ಲುಗಳೂ ಮೆಟ್ಟಿಲುಗಳೂ ಆಗಿರಲಿಕ್ಕೆ ಸಾಕು. 2024ರಲ್ಲಿ ಲಕ್ಕುಂಡಿಯ ಗ್ರಾಮಸ್ಥರು ತಮ್ಮಲ್ಲಿದ್ದ ಇಂಥ ಅವಶೇಷಗಳನ್ನು ಸಂಗ್ರಹಕ್ಕೆ ಒಪ್ಪಿಸಿ ನಮಗೆಲ್ಲ ಮೇಲ್ಪಂಕ್ತಿ ಹಾಕಿಕೊಟ್ಟಿದ್ದಾರೆ.

ಅಂಥ ಕಲ್ಲು ಸಿಕ್ಕೊಡನೆ ಎತ್ತಬಾರದು. ಯಾವ ಊರು, ಯಾವ ಹೊಲ, ಯಾವ ದಿಕ್ಕಿಗೆ ಮುಖ ಎಂಬುದನ್ನು ಮೊದಲು ಬರೆದಿಡತಕ್ಕದ್ದು, ಭಾವಚಿತ್ರ ತೆಗೆಯತಕ್ಕದ್ದು, ಬಳಿಕ ಪುರಾತತ್ವ ಇಲಾಖೆಗೆ ತಿಳಿಸತಕ್ಕದ್ದು. ಭಕ್ತಿಯಿಂದಲೇ ಆದರೂ ಸುಣ್ಣ ಬಣ್ಣ ಬಳಿಯಬಾರದು. ಅಕ್ಷರಗಳು ಅದರಲ್ಲಿ ಹೂತುಹೋಗುವವು. ತಂತಿಯ ಬ್ರಶ್ಶಿನಿಂದ ತಿಕ್ಕಿದರೆ ಅವು ಸವೆದೇ ಹೋಗುವವು. ಮನೆಯ ಹಿರಿಯರು ಆ ಕಲ್ಲಿನ ವಿಷಯವಾಗಿ ಹೇಳುವ ಮಾತನ್ನೂ ಬರೆದುಕೊಳ್ಳಬೇಕು. ಆದರೆ ‘ಹೀಗೆ ಹೇಳುತ್ತಾರೆ’ ಎಂದು ಅದನ್ನು ಬೇರೆಯಾಗಿಯೇ ಇಡಬೇಕು. ಕಂಡುದನ್ನೂ ಕೇಳಿದುದನ್ನೂ ಬೆರೆಸದೆ ಮಕ್ಕಳ ಕೈಗೆ ಕೊಟ್ಟರೆ, ಕಲ್ಲಿನ ಸಂಗಡ ಅದರ ಸತ್ಯವನ್ನೂ ಕೊಟ್ಟಂತಾಗುವದು.