ಬಿಲ್ಲಿಗೆ ವೇಗವೊಂದೇ ಭೂಷಣವಲ್ಲ

2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್ ಆರ್ಚರಿಯ ಐದೂ ಚಿನ್ನ ಭಾರತದ ಪಾಲಾದವು. ಜ್ಯೋತಿ ಸುರೇಖಾ ವೆನ್ನಂ ಮತ್ತು ಓಜಸ್ ದೇವತಳೆ ತಲಾ ಮೂರು ಚಿನ್ನ ಗೆದ್ದರು. ಮರುವರ್ಷ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎರಡೂ ಕೈಗಳಿಲ್ಲದ ಶೀತಲ್ ದೇವಿ ಕಾಲಿನಲ್ಲಿ ಬಿಲ್ಲು ಹಿಡಿದು, ರಾಕೇಶ್ ಕುಮಾರ್ ಜೊತೆಗೂಡಿ ಕಂಚು ತಂದರು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೂ ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆ ಸೇರಿದೆ. ಇದನ್ನೆಲ್ಲ ನೋಡಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಹುಡುಗ-ಹುಡುಗಿಯರಿಗೂ ‘ನಾವೂ ಒಂದು ಕೈ ನೋಡೋಣ’ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಬಿಲ್ಲು ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಜಾಹೀರಾತಿನ ವೇಗದ ಅಂಕಿ. ಅದೊಂದನ್ನೇ ನಂಬಿದರೆ ದುಬಾರಿ ಬಿಲ್ಲು ಮೂಲೆ ಸೇರುವುದು ಖಂಡಿತ.

ಅಮೆರಿಕದ ಹೊಲೆಸ್ ವಿಲ್ಬರ್ ಅಲೆನ್ ಕಾಂಪೌಂಡ್ ಬಿಲ್ಲಿಗೆ ಪೇಟೆಂಟ್ ಪಡೆದದ್ದು 1969ರಲ್ಲಿ. ಅದರ ಗುಟ್ಟು ಎರಡು ತುದಿಗಳಲ್ಲಿರುವ ಚಕ್ರಗಳಲ್ಲಿದೆ. ಚನ್ನಪಟ್ಟಣದ ಆಟಿಕೆ ಬಂಡಿಯ ಚಕ್ರಕ್ಕೆ ತೂತು ನಟ್ಟನಡುವೆ ಬೀಳದಿದ್ದರೆ ಬಂಡಿ ಕುಂಟುತ್ತದೆ. ಇಲ್ಲಿ ಬೇಕೆಂದೇ ತೂತನ್ನು ಪಕ್ಕಕ್ಕೆ ಸರಿಸಿರುತ್ತಾರೆ. ಇದೇ ಕ್ಯಾಮ್. ಹೆದೆ ಎಳೆದಂತೆ ಕ್ಯಾಮ್ ತಿರುಗುತ್ತದೆ. ಕೊನೆಯ ಹಂತದಲ್ಲಿ ಸನ್ನೆಗೋಲಿನಂತೆ ನಮ್ಮ ಪರವಾಗಿ ಕೆಲಸ ಮಾಡಿ ಭಾರ ಇಳಿಸುತ್ತದೆ. ಇದಕ್ಕೆ ‘ಲೆಟ್ ಆಫ್’ ಎನ್ನುತ್ತಾರೆ. 50 ಪೌಂಡ್ ಬಿಲ್ಲಿಗೆ ಶೇ 75ರಷ್ಟು ಲೆಟ್ ಆಫ್ ಇದ್ದರೆ, ಗುರಿ ಹಿಡಿಯುವಾಗ ಬೆರಳಿಗೆ ಬೀಳುವುದು ಹನ್ನೆರಡೂವರೆ ಪೌಂಡ್, ಅಂದರೆ ಆರು ಕಿಲೋಗಿಂತ ಕಡಿಮೆ. ಸಾಮಾನ್ಯ ಬಿಲ್ಲಿನಲ್ಲಿ ಗುರಿ ಹಿಡಿಯುವುದೆಂದರೆ ಸಾವನದುರ್ಗದ ಕಡಿದಾದ ಬಂಡೆಯ ಮೇಲೆ ನಿಂತು ದಾರಕ್ಕೆ ಸೂಜಿ ಪೋಣಿಸಿದಂತೆ. ಕಾಂಪೌಂಡ್ ಬಿಲ್ಲು ನಮ್ಮನ್ನು ನೆತ್ತಿಯ ಸಮತಟ್ಟಿಗೆ ತಲುಪಿಸಿ, ‘ಈಗ ಪೋಣಿಸು’ ಎನ್ನುತ್ತದೆ.

ಆ ನೆತ್ತಿ ಎಷ್ಟು ಅಗಲ ಎಂಬುದನ್ನು ಕ್ಯಾಮ್‌ನ ಆಕಾರ ನಿರ್ಧರಿಸುತ್ತದೆ. ವೇಗಕ್ಕೆಂದೇ ಮಾಡಿದ ಕ್ಯಾಮ್ ಬೇಗನೆ ಪೂರ್ತಿ ಭಾರಕ್ಕೇರಿ, ಕೊನೆಗೆ ದಿಢೀರನೆ ಇಳಿಯುತ್ತದೆ. ಶಕ್ತಿ ಹೆಚ್ಚು ತುಂಬಿಕೊಳ್ಳುತ್ತದೆ ನಿಜ, ಆದರೆ ತೋಳು ಸ್ವಲ್ಪ ಸಡಿಲಿಸಿದರೆ ಸಾಕು, ಹೆದೆ ಮುಂದಕ್ಕೆ ಜಗ್ಗುತ್ತದೆ. ಮೃದುವಾದ ಕ್ಯಾಮ್‌ನಲ್ಲಿ ವೇಗ ಕೊಂಚ ಕಡಿಮೆ, ಎಳೆತ ಸಲೀಸು. ಹಿಡಿಗೂ ಹೆದೆಗೂ ನಡುವಿನ ಅಂತರದ್ದೂ ಇದೇ ಕಥೆ. ಅಂತರ ಆರು ಇಂಚಿದ್ದರೆ ಹೆದೆ ಬಾಣವನ್ನು ಹೆಚ್ಚು ದೂರ ತಳ್ಳುವುದರಿಂದ ವೇಗ ಹೆಚ್ಚು. ಆದರೆ ಬಾಣ ಹೆದೆಯ ಮೇಲೆ ಹೆಚ್ಚು ಹೊತ್ತು ಇರುವುದರಿಂದ ಕೈಯ ಸಣ್ಣ ತಿರುಚೂ ಗುರಿ ಕೆಡಿಸುತ್ತದೆ. ಏಳು ಇಂಚಿನ ಬಿಲ್ಲು ಅಂಥ ತಪ್ಪನ್ನು ಹೆಚ್ಚು ಸಹಿಸುತ್ತದೆ.

ಇನ್ನು ಕಂಪನ. ಬೀಸಿದ ಬ್ಯಾಟಿಗೆ ಚೆಂಡು ಸಿಗದಿದ್ದರೆ ಭುಜಕ್ಕೆ ಎಳೆತ ಬೀಳುವುದಿಲ್ಲವೇ? ಹಾಗೆಯೇ ಬಾಣ ಹೊತ್ತೊಯ್ಯದೆ ಬಿಟ್ಟ ಶಕ್ತಿ ಬಿಲ್ಲಿನಲ್ಲೇ ಉಳಿದು ಕೈ ಅದುರಿಸುತ್ತದೆ. ಬಾಣ ಹಗುರವಾದಷ್ಟೂ ಉಳಿಕೆ ಹೆಚ್ಚು. ಬಾಣವಿಲ್ಲದೆ ಹೆದೆ ಬಿಟ್ಟರಂತೂ ಬಿಲ್ಲೇ ಮುರಿಯಬಹುದು. ಇಂದಿನ ಬಿಲ್ಲುಗಳ ತೋಳುಗಳು ಬಹುತೇಕ ಸಮಾನಾಂತರವಾಗಿವೆ. ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ಚಿಮ್ಮುವುದರಿಂದ ಒಂದರ ಹೊಡೆತವನ್ನು ಇನ್ನೊಂದು ತಡೆಯುತ್ತದೆ. ರಬ್ಬರ್ ತುಂಡುಗಳು, ಮುಂದೆ ಚಾಚಿದ ಸ್ಟೆಬಿಲೈಸರ್ ಕೋಲು ಮಿಕ್ಕದ್ದನ್ನು ನುಂಗುತ್ತವೆ. ‘ಬಾಣ ಹೋದ ಮೇಲೆ ಅದುರಿದರೇನು?’ ಎನ್ನಬೇಡಿ. ಹೊಡೆತಕ್ಕೆ ಹೆದರಿದ ಕೈ ಮುಂದಿನ ಸಲ ಬಾಣ ಬಿಡುವ ಮೊದಲೇ ಬೆಚ್ಚುತ್ತದೆ. ಸ್ಕ್ರೂಗಳೂ ಸಡಿಲವಾಗುತ್ತವೆ.

ಹಾಗಾದರೆ ಆ ವೇಗದ ಅಂಕಿ ಯಾರದ್ದು? ಸಾಮಾನ್ಯವಾಗಿ 70 ಪೌಂಡ್ ಭಾರ, 30 ಇಂಚು ಎಳೆತ ಮತ್ತು 23 ಗ್ರಾಮಿಗಿಂತ ತುಸು ಹಗುರವಾದ ಬಾಣ ಇಟ್ಟು ಅದನ್ನು ಅಳೆಯುತ್ತಾರೆ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ 60 ಪೌಂಡ್ ಮೀರುವಂತಿಲ್ಲ. ಎಳೆತ ಒಂದು ಇಂಚು ತಗ್ಗಿದರೆ ಸೆಕೆಂಡಿಗೆ ಸುಮಾರು ಹತ್ತು ಅಡಿ ವೇಗ ಇಳಿಯುತ್ತದೆ. ಆ ಅಂಕಿ ಮುಖ್ಯವಾಗಿ ಬೇಕಿರುವುದು ಕಾಡಿನಲ್ಲಿ ದೂರ ಅಂದಾಜಿಸಿ ಹೊಡೆಯುವ ಬೇಟೆಗಾರನಿಗೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಬೇಟೆ ಅಪರಾಧ. ರಾಮದೇವರ ಬೆಟ್ಟ ರಣಹದ್ದುಗಳ ಧಾಮ. ಕನಕಪುರದ ಅಂಚಿನ ಕಾಡು ಕಾವೇರಿ ವನ್ಯಧಾಮ. ನಮ್ಮ ಬಿಲ್ಲಿಗಿರುವುದು ಒಂದೇ ಗುರಿ: 50 ಮೀಟರ್ ದೂರದ, 80 ಸೆಂಟಿಮೀಟರ್ ಅಳತೆಯ ಹಲಗೆ. ದೂರ ಗೊತ್ತಿದ್ದ ಮೇಲೆ ಗುರಿಗಣ್ಣನ್ನು ಅದಕ್ಕೇ ಹೊಂದಿಸಿಕೊಳ್ಳಬಹುದು. ಅತಿ ವೇಗಕ್ಕಿಂತ ಪ್ರತಿ ಬಾಣವೂ ಒಂದೇ ರೀತಿ ಹೋಗುವುದು ಮುಖ್ಯ.

ಆದ್ದರಿಂದ ಕೊಳ್ಳುವ ಮುನ್ನ ತರಬೇತುದಾರರ ಬಳಿ ನಿಮ್ಮ ಎಳೆತದ ಉದ್ದ ಅಳೆಸಿಕೊಳ್ಳಿ. ಕೂತಲ್ಲೇ, ಬಿಲ್ಲನ್ನು ಆಕಾಶಕ್ಕೆತ್ತದೆ, ನಿಧಾನವಾಗಿ ಎಳೆಯಲು ಬರುವಷ್ಟೇ ಭಾರ ಆರಿಸಿ. ತೋಳು ತುಸು ಉದ್ದವಿರುವ, ಮೃದು ಕ್ಯಾಮ್‌ನ ಬಿಲ್ಲು ನೋಡಿ. ದಿನಕ್ಕೆ ನೂರು ಬಾಣ ಬಿಟ್ಟರೂ ಮರುದಿನ ಮತ್ತೆ ಕೈಗೆತ್ತಿಕೊಳ್ಳಬೇಕು ಅನ್ನಿಸುವ ಬಿಲ್ಲೇ ಒಳ್ಳೆಯ ಬಿಲ್ಲು.